‘ಬ್ಯಾಟರಿ ಹೋಗಿದೆ’ ಎಂದರೆ ಸಾಲದು, ಅಳೆದು ತೋರಿಸಬೇಕು

“ಬ್ಯಾಟ್ರಿ ಹೋಗ್ಯಾದ್ರಿ ಕಾಕಾ, ಹೊಸಾದು ಹಾಕಬೇಕಾಗ್ತದ.” ಗಡಿಭಾಗದ ಗ್ಯಾರೇಜುಗಳಲ್ಲಿ ಈ ಒಂದು ಮಾತಿಗೆ ಒಂದು ಸಂಸಾರದ ಎರಡು ಮೂರು ತಿಂಗಳ ಗಳಿಕೆ ಕರಗಿಹೋಗುತ್ತದೆ. ಪೆಟ್ರೋಲ್ ಗಾಡಿ ಕೆಟ್ಟರೆ ಮಿಸ್ತ್ರಿ ಪ್ಲಗ್ ಬಿಚ್ಚಿ ತೋರಿಸುತ್ತಾನೆ, ಕಾರ್ಬೊರೇಟರಿನ ಕಸ ತೋರಿಸುತ್ತಾನೆ, ಸವೆದ ಪಿಸ್ಟನ್ ರಿಂಗನ್ನು ಗಾಡಿಯವನ ಅಂಗೈಗೇ ಇಡುತ್ತಾನೆ. ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಹಾಗಲ್ಲ. ಅದು ನಾಲ್ಕೂ ಕಡೆ ಮುಚ್ಚಿದ ಡಬ್ಬಿ. ಒಳಗೆ ಏನು ಕೆಟ್ಟಿದೆ, ಎಷ್ಟು ಕೆಟ್ಟಿದೆ, ನಿಜವಾಗಿ ಕೆಟ್ಟಿದೆಯೋ ಇಲ್ಲವೋ ಎಂಬುದು ದುಡ್ಡು ಕೊಡುವವನ ಕಣ್ಣಿಗೆ ಬೀಳುವುದೇ ಇಲ್ಲ. ಅವನಿಗೆ ಸಿಗುವುದು ತೀರ್ಪು ಮಾತ್ರ, ಸಾಕ್ಷಿ ಇಲ್ಲ.

ಸಾಕ್ಷಿಯಿಲ್ಲದ ಈ ತೀರ್ಪು ನಿಲ್ಲಬೇಕು. ಬ್ಯಾಟರಿ ಕೆಟ್ಟಿದೆ ಎನ್ನುವವರು, ಅದು ಕಂಪನಿಯ ಸರ್ವಿಸ್ ಸೆಂಟರ್ ಇರಲಿ, ಬಸ್ ನಿಲ್ದಾಣದ ಹಿಂದಿನ ಗ್ಯಾರೇಜ್ ಇರಲಿ, ಅಳತೆಯ ಅಂಕಿಗಳನ್ನು ಕಾಗದದ ಮೇಲೆ ಬರೆದು ಸಹಿ ಮಾಡಿ ಕೊಡುವುದು ಕಡ್ಡಾಯವಾಗಬೇಕು. ಮಹಾರಾಷ್ಟ್ರದ ಗಡಿಯಲ್ಲಿರುವ ಉಮರ್ಗಾ, ನಿಲಂಗಾ, ಉದಗೀರದಂಥ ಊರುಗಳಿಗೆ ಇದು ಪುಣೆ–ಬೆಂಗಳೂರಿಗಿಂತ ಹೆಚ್ಚು ಅಗತ್ಯ.

ಯಾಕೆಂದರೆ ಈ ಊರುಗಳ ವ್ಯವಹಾರ ಒಂದು ಜಿಲ್ಲೆಗೆ, ಒಂದು ರಾಜ್ಯಕ್ಕೆ ಸೀಮಿತವಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉದಗೀರ, ನಿಲಂಗಾ ಎರಡೂ ಬೀದರ್ ಜಿಲ್ಲೆಯ ತಾಲ್ಲೂಕುಗಳು. ಆಗ ಉಸ್ಮಾನಾಬಾದಿಗೆ ಸೇರಿ, 1982ರಲ್ಲಿ ಲಾತೂರ ಜಿಲ್ಲೆ ಹುಟ್ಟಿದಾಗ ಅದರ ಪಾಲಾದವು. ಉಮರ್ಗಾ ಅದೇ ಉಸ್ಮಾನಾಬಾದ್, ಅಂದರೆ ಇಂದಿನ ಧಾರಾಶಿವ ಜಿಲ್ಲೆಯಲ್ಲಿ, ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿದೆ. ನಕ್ಷೆಯ ಗೆರೆ ಬದಲಾದರೂ ನೆಂಟಸ್ತನ, ಸಂತೆ, ಆಸ್ಪತ್ರೆ, ಖರೀದಿ ಬದಲಾಗಲಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಪೇಟೆಯಲ್ಲಿ ಎರಡರ ಜೊತೆ ದಖ್ಖನಿ ಮಾತಾಡುವ ಜನ ಗಾಡಿಯನ್ನು ಲಾತೂರಿನಲ್ಲೂ ಕೊಳ್ಳುತ್ತಾರೆ, ಬೀದರಿನಲ್ಲೂ ಕೊಳ್ಳುತ್ತಾರೆ, ಸೊಲ್ಲಾಪುರ–ಕಲಬುರಗಿಯಿಂದಲೂ ತರುತ್ತಾರೆ. ಎಂಎಚ್-24, ಎಂಎಚ್-25, ಕೆಎ-38 ಫಲಕಗಳು ಒಂದೇ ಓಣಿಯಲ್ಲಿ ನಿಲ್ಲುತ್ತವೆ. ಗಾಡಿ ಓಡುವವರೆಗೆ ಇದರಿಂದ ತೊಂದರೆಯಿಲ್ಲ. ಬ್ಯಾಟರಿ ನಿಂತ ದಿನ ಮಾತ್ರ ಷೋರೂಮ್ ಇನ್ನೊಂದು ಜಿಲ್ಲೆಯಲ್ಲೋ ಇನ್ನೊಂದು ರಾಜ್ಯದಲ್ಲೋ ಇದೆ ಎಂಬುದು ನೆನಪಾಗುತ್ತದೆ. ನಿಂತ ಗಾಡಿಯನ್ನು ಅಲ್ಲಿಗೆ ಓಡಿಸಿಕೊಂಡು ಹೋಗುವಂತಿಲ್ಲ, ಟೆಂಪೊಗೆ ಹೇರಬೇಕು. ಹೋದ ಮೇಲೆ ಕೇಳುವುದು ಮತ್ತದೇ ಮಾತು.

ಈಗ ಈ ಪ್ರಶ್ನೆ ಎತ್ತಲು ಕಾರಣವಿದೆ. ಎಲೆಕ್ಟ್ರಿಕ್ ವಾಹನಗಳಿಗೆ ಸಹಾಯಧನ ಕೊಡುವ ಕೇಂದ್ರದ ಫೇಮ್-2 ಯೋಜನೆ 2019ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ ನಡೆಯಿತು. 2021ರ ಜೂನ್‌ನಲ್ಲಿ ದ್ವಿಚಕ್ರ ವಾಹನಗಳ ಸಹಾಯಧನ ಒಂದು ಕಿಲೊವಾಟ್ ಅವರ್‌ ಬ್ಯಾಟರಿಗೆ 15,000 ರೂಪಾಯಿಗೆ ಏರಿತು. 2023ರ ಜೂನ್‌ನಲ್ಲಿ ಅದು 10,000ಕ್ಕೆ ಇಳಿಯಿತು. ನಡುವಿನ ಆ ಎರಡು ವರ್ಷಗಳಲ್ಲಿ ಸ್ಕೂಟರುಗಳು ಸಣ್ಣ ಪೇಟೆಗಳಿಗೂ ಬಂದವು. ಯೋಜನೆಯಡಿ ಮಾರಿದ ಗಾಡಿಗೆ ಕನಿಷ್ಠ ಮೂರು ವರ್ಷದ ವಾರಂಟಿ ಇರಬೇಕಿತ್ತು. ಅಷ್ಟನ್ನೇ ಕೊಟ್ಟ ಗಾಡಿಗಳ ವಾರಂಟಿ ಒಂದೊಂದಾಗಿ ಮುಗಿಯುತ್ತಿದೆ. ಇವುಗಳ ಜೊತೆಗೇ ಇನ್ನೊಂದು ದೊಡ್ಡ ಗುಂಪಿದೆ: ಮೋಟಾರು 250 ವಾಟ್ ಮೀರದ, ಗಂಟೆಗೆ 25 ಕಿಲೊಮೀಟರ್ ದಾಟದ ನಿಧಾನದ ಗಾಡಿಗಳು. ಅವಕ್ಕೆ ನೋಂದಣಿ ಬೇಡ, ಲೈಸೆನ್ಸ್ ಬೇಡ. ಶಾಲೆಯ ಶಿಕ್ಷಕಿ, ನಿವೃತ್ತ ತಲಾಠಿ, ಕಾಲೇಜು ಹುಡುಗಿ, ಕಿರಾಣಿ ಅಂಗಡಿಯವರು ಇವನ್ನು ನೆಚ್ಚಿಕೊಂಡಿದ್ದಾರೆ. ಅವುಗಳಲ್ಲಿ ಬಹಳಷ್ಟು ಲೆಡ್-ಆಸಿಡ್ ಬ್ಯಾಟರಿಯವು. ಒಂದೂವರೆ ಎರಡು ವರ್ಷಕ್ಕೇ ಸುಸ್ತಾಗುವಂಥವು.

ಅಳತೆಯಿಲ್ಲದ ಸೇವೆ ಗ್ರಾಹಕನನ್ನು ಎಲ್ಲಿಗೆ ಮುಟ್ಟಿಸಬಹುದು ಎಂಬುದನ್ನು ಪಕ್ಕದ ಕಲಬುರಗಿ ಕಂಡಿದೆ. 2024ರ ಸೆಪ್ಟೆಂಬರ್ 10ರಂದು ಅಲ್ಲಿನ ಓಲಾ ಇ-ಸ್ಕೂಟರ್ ಷೋರೂಮಿಗೆ ಬೆಂಕಿ ಬಿತ್ತು. ಪೊಲೀಸರು ಬಂಧಿಸಿದ್ದು ಕೆಲವೇ ವಾರಗಳ ಹಿಂದೆ ಸ್ಕೂಟರ್ ಕೊಂಡಿದ್ದ 26 ವರ್ಷದ ಯುವಕನನ್ನು. ಅವನು ವೃತ್ತಿಯಿಂದ ಮೆಕ್ಯಾನಿಕ್. ರಿಪೇರಿಗೆ ಅಲೆದಲೆದು ಸಿಟ್ಟಾಗಿದ್ದನೆಂದು ಪೊಲೀಸರು ಹೇಳಿದರು. ಬೆಂಕಿ ಹಚ್ಚಿದ್ದನ್ನು ಯಾರೂ ಸಮರ್ಥಿಸಬಾರದು, ಸಮರ್ಥಿಸಲೂ ಆಗದು. ಆದರೆ ಗಾಡಿಯ ಹೊಟ್ಟೆಯೊಳಗೆ ಏನಿರುತ್ತದೆಂದು ತಿಳಿದವನೇ ಈ ಸ್ಥಿತಿಗೆ ಬಂದನೆಂದರೆ, ಏನೂ ತಿಳಿಯದ ಗಿರಾಕಿಯ ಪಾಡು ಹೇಗಿರಬೇಕು? ಮರು ತಿಂಗಳೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹತ್ತು ಸಾವಿರಕ್ಕೂ ಹೆಚ್ಚು ದೂರುಗಳ ಬಗ್ಗೆ ಅದೇ ಕಂಪನಿಗೆ ನೋಟಿಸ್ ಕೊಟ್ಟಿತು. ಬಹುತೇಕ ಎಲ್ಲ ದೂರುಗಳನ್ನೂ ಬಗೆಹರಿಸಿದ್ದೇವೆ ಎಂದು ಕಂಪನಿ ಉತ್ತರಿಸಿತು. ಬಗೆಹರಿದದ್ದು ಹೇಗೆ ಎಂಬುದಕ್ಕೆ ಗ್ರಾಹಕನ ಕೈಯಲ್ಲಿ ಒಂದು ಚೀಟಿಯಾದರೂ ಇರಬೇಕಲ್ಲವೇ?

ಹಾಗಾದರೆ ಆ ಚೀಟಿಯಲ್ಲಿ ಏನಿರಬೇಕು? ಇದು ರಾಕೆಟ್ ವಿಜ್ಞಾನವೇನೂ ಅಲ್ಲ. ಎಂಟುನೂರೋ ಸಾವಿರವೋ ರೂಪಾಯಿಯ ಮಲ್ಟಿಮೀಟರ್ ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಮೊದಲು ಬ್ಯಾಟರಿಯನ್ನು ಅನುಮಾನಿಸಬಾರದು, ಚಾರ್ಜರನ್ನು ನೋಡಬೇಕು. 48 ವೋಲ್ಟಿನ ಲೆಡ್-ಆಸಿಡ್ ಗಾಡಿಯ ಚಾರ್ಜರ್ ಸುಮಾರು 59 ವೋಲ್ಟ್ ಕೊಡಬೇಕು. ಅದೇ 48 ವೋಲ್ಟಿನ ಹದಿಮೂರು ಸೆಲ್ ಗುಂಪುಗಳ ಸಾಲಿನ ಲಿಥಿಯಂ ಪ್ಯಾಕಿನದಾದರೆ 54.6. ಅಷ್ಟು ಬಾರದಿದ್ದರೆ ಕೆಟ್ಟಿರುವುದು ಚಾರ್ಜರೇ ಇರಬಹುದು. ಬ್ಯಾಟರಿಯ ಗುರುತು ಹತ್ತಿದ ಮೇಲೆಯೇ ಕರೆಂಟ್ ಬಿಡುವ ಚಾರ್ಜರುಗಳೂ ಇವೆ, ಅವನ್ನು ಬರಿದೇ ಅಳೆದು ಕೆಟ್ಟಿದೆ ಎನ್ನುವಂತಿಲ್ಲ. ಆಮೇಲೆ ಎಂಸಿಬಿ, ಫ್ಯೂಸ್, ಚಾರ್ಜಿಂಗ್ ಸಾಕೆಟ್, ಕನೆಕ್ಟರ್. ಎರೆಭೂಮಿಯ ಧೂಳು ಮತ್ತು ಗುಂಡಿಗಳ ಕುಲುಕಾಟಕ್ಕೆ ಕನೆಕ್ಟರ್ ಸಡಿಲಾಗಿ ಕಪ್ಪಾಗುವುದು ಈ ಭಾಗದಲ್ಲಿ ನಿತ್ಯದ ಸಂಗತಿ. ಕಪ್ಪಾದ ಕನೆಕ್ಟರ್ ಸಣ್ಣ ಕರೆಂಟನ್ನು ದಾಟಿಸುತ್ತದೆ, ದೀಪ ಹತ್ತುತ್ತದೆ, ಹಾರ್ನ್ ಕೂಗುತ್ತದೆ. ಥ್ರಾಟಲ್ ತಿರುಗಿಸಿದ ಕೂಡಲೇ ಗಾಡಿ ಸತ್ತುಬೀಳುತ್ತದೆ. ನೋಡಿದವರು ಬ್ಯಾಟರಿ ಹೋಯಿತು ಎನ್ನುತ್ತಾರೆ. ಥ್ರಾಟಲ್, ಕಂಟ್ರೋಲರ್, ಮೋಟಾರಿನ ಹಾಲ್ ಸೆನ್ಸರ್ ಕೆಟ್ಟಾಗಲೂ ಇದೇ ಆರೋಪ ಬ್ಯಾಟರಿಯ ತಲೆಗೇ ಬರುತ್ತದೆ.

ಲೆಡ್-ಆಸಿಡ್ ಸೆಟ್ ಆಗಿದ್ದರೆ ಪರೀಕ್ಷೆ ಸುಲಭ. 48 ವೋಲ್ಟಿಗೆ 12 ವೋಲ್ಟಿನವು ನಾಲ್ಕು, 60ಕ್ಕೆ ಐದು. ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು, ಒಂದೊಂದನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಎಲ್ಲವೂ 12.7ರ ಮೇಲಿದ್ದರೆ ಸಂತೋಷ. ಆದರೆ ಅಲ್ಲಿಗೇ ನಿಲ್ಲಿಸಿದರೆ ಮೋಸ ಹೋಗುತ್ತೇವೆ. ಸುಮ್ಮನಿದ್ದಾಗ ಎಲ್ಲ ಬ್ಯಾಟರಿಯೂ ಗಟ್ಟಿಯೇ. ಹಿಂದಿನ ಚಕ್ರ ಎತ್ತಿ ಬ್ರೇಕ್ ಹಿಡಿದು ನೋಡುವುದಕ್ಕಿಂತ, ಲೋಡ್ ಟೆಸ್ಟರ್ ಹಚ್ಚಿ ನೋಡುವುದು ಮೇಲು. ಆಗ ಯಾವುದು 10.5ರ ಕೆಳಗೆ ಕುಸಿಯುತ್ತದೋ ಅದೇ ಸೋತ ಬ್ಯಾಟರಿ. ಸಾಲಾಗಿ ಜೋಡಿಸಿದ ನಾಲ್ಕರಲ್ಲಿ ಒಂದು ಸೋತರೂ ಗಾಡಿ ನಿಲ್ಲುತ್ತದೆ.

ಆ ಒಂದನ್ನೇ ಬದಲಿಸಿದರೆ ಸಾಲದೇ ಎಂಬುದು ಗಿರಾಕಿಯ ನ್ಯಾಯವಾದ ಪ್ರಶ್ನೆ. ಸೆಟ್ ಹೊಸದಿದ್ದು, ಕೆಲವೇ ತಿಂಗಳಾಗಿದ್ದರೆ ಸಾಕು. ಎರಡು ವರ್ಷದ ಸೆಟ್ಟಿಗೆ ಒಂದೇ ಹೊಸದನ್ನು ಸೇರಿಸುವುದು ಮುದಿ ಎತ್ತಿನ ಜೊತೆ ಹೋರಿಯನ್ನು ನೊಗಕ್ಕೆ ಕಟ್ಟಿದ ಹಾಗೆ. ಹಳೆಯವು ಬೇಗ ತುಂಬಿ ಬೇಗ ಬರಿದಾಗುತ್ತವೆ, ಹೊಸದಕ್ಕೆ ಪೂರ್ತಿ ಚಾರ್ಜ್ ಎಂದೂ ಸಿಗುವುದಿಲ್ಲ. ಪೂರ್ತಿ ತುಂಬದೆ ಉಳಿದ ಲೆಡ್ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಅದರ ಆಯುಷ್ಯವೂ ಮೊಟಕಾಗುತ್ತದೆ. ಮಾರುವವನು ನಾಲ್ಕನ್ನೂ ಬದಲಿಸಿ ಎಂದಾಗ ಅದು ಯಾವಾಗಲೂ ಲಾಭಕೋರತನವಲ್ಲ. ಆದರೆ ನಾಲ್ಕರ ಅಂಕಿಗಳನ್ನೂ ಬರೆದುಕೊಟ್ಟರೆ ಮಾತ್ರ ಅದು ಸಲಹೆ ಎನಿಸಿಕೊಳ್ಳುತ್ತದೆ.

ಲಿಥಿಯಂ ಪ್ಯಾಕಿನ ವಿಷಯ ಇದಕ್ಕಿಂತ ಸೂಕ್ಷ್ಮ, ಮತ್ತು ಹೆಚ್ಚು ದುಡ್ಡಿನ ಅನ್ಯಾಯ ನಡೆಯುವುದೂ ಇಲ್ಲೇ. ಒಳಗೆ ಹತ್ತಾರು, ಕೆಲವೊಮ್ಮೆ ನೂರಾರು ಸಣ್ಣ ಸೆಲ್‌ಗಳು ಗುಂಪುಗುಂಪಾಗಿ ಸಾಲಿನಲ್ಲಿರುತ್ತವೆ. ಕಾವಲಿಗೆ ಬಿಎಂಎಸ್ ಎಂಬ ಸರ್ಕ್ಯೂಟ್ ಇರುತ್ತದೆ. ನಿಕಲ್ ಆಧಾರದ ಸೆಲ್ ತುಂಬಿದಾಗ 4.2 ವೋಲ್ಟ್, ಬರಿದಾದಾಗ 3ರ ಆಸುಪಾಸು. ಕಬ್ಬಿಣ-ಫಾಸ್ಫೇಟಿನ ಎಲ್ಎಫ್‌ಪಿ ಸೆಲ್ ತುಂಬಿದಾಗ 3.65, ಬರಿದಾದಾಗ 2.5. ಇಡೀ ಸಾಲಿನಲ್ಲಿ ಒಂದೇ ಗುಂಪು ಈ ಕೆಳಮಿತಿ ಮುಟ್ಟಿದರೂ ಬಿಎಂಎಸ್ ಪೂರ್ತಿ ಪ್ಯಾಕಿನ ಕರೆಂಟ್ ಕಡಿಯುತ್ತದೆ. ಮೀಟರಿನಲ್ಲಿ ಇನ್ನೂ ಶೇ 35 ತೋರಿಸುತ್ತಿದ್ದಾಗಲೇ ದಿಣ್ಣೆ ಹತ್ತುವ ಗಾಡಿ ತಟ್ಟನೆ ನಿಲ್ಲುವುದು ಇದರಿಂದಲೇ. ಬಿಎಂಎಸ್ ಕಡಿದದ್ದು ಕೆಟ್ಟ ಲಕ್ಷಣವಲ್ಲ, ಅದು ತನ್ನ ಕೆಲಸ ಮಾಡಿದೆ. ಅದನ್ನು ದಾಟಿಸಿ ನೇರ ತಂತಿ ಎಳೆಯುವ ‘ಜುಗಾಡ್’ ಮಾಡುವ ಮಿಸ್ತ್ರಿಯಿಂದ ಗಾಡಿಯನ್ನು ದೂರ ಇಡಬೇಕು.

ಈಗ ನಿಜವಾದ ಪರೀಕ್ಷೆ. ಪ್ರತಿ ಗುಂಪಿನ ವೋಲ್ಟೇಜನ್ನು ಎರಡು ಸಲ ಓದಬೇಕು: ಪೂರ್ತಿ ಚಾರ್ಜ್ ಆದಾಗ ಒಮ್ಮೆ, ಬರಿದಾಗುವ ಹೊತ್ತಿಗೆ ಇನ್ನೊಮ್ಮೆ. ಒಂದು ಗುಂಪು ಎರಡೂ ಸಲ ಉಳಿದವುಗಳಿಗಿಂತ ಕೆಳಗೇ ಇದ್ದರೆ ಅದು ಬರೀ ಏರುಪೇರು. ನಿಧಾನವಾಗಿ ಸಮತೋಲನ ಮಾಡಿದರೆ, ಅಂದರೆ ಆ ಗುಂಪನ್ನು ಉಳಿದವುಗಳ ಮಟ್ಟಕ್ಕೆ ತಂದರೆ, ಪ್ಯಾಕ್ ಮತ್ತೆ ಓಡುತ್ತದೆ. ಇದಕ್ಕೆ ಬೇಕಾಗುವುದು ಸಾವಿರದ ಲೆಕ್ಕದ ಕೂಲಿ, ಹತ್ತು ಸಾವಿರಗಳ ಲೆಕ್ಕದ ಹೊಸ ಪ್ಯಾಕ್ ಅಲ್ಲ. ಸರಿಪಡಿಸಿದ ಕೆಲವೇ ದಿನಗಳಲ್ಲಿ ಅದು ಮತ್ತೆ ಇಳಿದರೆ ಮಾತ್ರ ಸೆಲ್ಲಿನೊಳಗೆ ಸೋರಿಕೆ ಇದೆ ಎಂದರ್ಥ, ಅದು ಅಪಾಯದ ಗುರುತು. ಇನ್ನೊಂದು ಬಗೆಯಲ್ಲಿ ಒಂದು ಗುಂಪು ಚಾರ್ಜ್ ಮಾಡುವಾಗ ಎಲ್ಲಕ್ಕಿಂತ ಮೊದಲು ಮೇಲೆ ಮುಟ್ಟುತ್ತದೆ, ಓಡಿಸುವಾಗ ಎಲ್ಲಕ್ಕಿಂತ ಮೊದಲು ಕೆಳಗೆ ಬೀಳುತ್ತದೆ. ಅದರ ಸಾಮರ್ಥ್ಯವೇ ಕುಗ್ಗಿದೆ, ಸಮತೋಲನದಿಂದ ಅದು ಸರಿಹೋಗದು. ಈ ಎರಡರ ವ್ಯತ್ಯಾಸ ಗುರುತಿಸದೆ ‘ಪ್ಯಾಕ್ ಡೆಡ್’ ಎಂದು ಬರೆಯುವುದು ಗ್ರಾಹಕನ ಜೇಬಿಗೆ ಕೈಹಾಕಿದ್ದಕ್ಕೆ ಸಮ.

ಕೊನೆಯ ಅಂಕಿ ಸಾಮರ್ಥ್ಯದ್ದು. 60 ವೋಲ್ಟ್, 30 ಆಂಪಿಯರ್ ಅವರ್‌ನ ಪ್ಯಾಕಿನಲ್ಲಿ ಹೊಸತಿದ್ದಾಗ 1.8 ಕಿಲೊವಾಟ್ ಅವರ್ ಇರುತ್ತದೆ, ಅಂದರೆ ಎರಡು ಯೂನಿಟ್ಟಿಗೆ ಸ್ವಲ್ಪ ಕಡಿಮೆ. ತುಂಬಿಸಿ, ಗೊತ್ತಾದ ಲೋಡಿನ ಮೇಲೆ ಬರಿದು ಮಾಡಿ, ಎಷ್ಟು ಆಂಪಿಯರ್ ಅವರ್ ಹೊರಬಂತೆಂದು ಎಣಿಸಿದರೆ ಆಯಿತು. 24 ಬಂದರೆ ಶೇ 80, 18 ಬಂದರೆ ಶೇ 60. ವಾರಂಟಿಯ ಜಗಳ ನಿಂತಿರುವುದು ಈ ಅಂಕಿಯ ಮೇಲೆಯೇ. ಉದಾಹರಣೆಗೆ, ಬೆಂಗಳೂರಿನ ಏಥರ್ 2024ರಲ್ಲಿ ಪ್ರಕಟಿಸಿದ ವಿಸ್ತರಿತ ವಾರಂಟಿ ಎಂಟು ವರ್ಷ ಅಥವಾ 80,000 ಕಿಲೊಮೀಟರಿನವರೆಗೆ ಬ್ಯಾಟರಿಯ ಆರೋಗ್ಯ ಶೇ 70ರ ಕೆಳಗೆ ಹೋಗುವುದಿಲ್ಲವೆಂಬ ಭರವಸೆ. ಒಳ್ಳೆಯ ಭರವಸೆ. ಆದರೆ 71 ಇದೆಯೋ 69 ಇದೆಯೋ ಎಂದು ಹೇಳುವವರು ಯಾರು? ಈಗ ಸಾಮಾನ್ಯವಾಗಿ ಅದನ್ನು ಅಳೆಯುವುದು ಕಂಪನಿಯೇ, ಓದುವುದು ಕಂಪನಿಯ ಲ್ಯಾಪ್‌ಟಾಪೇ. ತಕ್ಕಡಿ ವ್ಯಾಪಾರಿಯದಾದರೂ ಅದರ ಮೇಲೆ ಸರ್ಕಾರದ ತೂಕ-ಅಳತೆ ಇಲಾಖೆಯ ಮುದ್ರೆ ಬೀಳುವ ದೇಶದಲ್ಲಿ, ಸ್ಕೂಟರಿನ ಅತ್ಯಂತ ದುಬಾರಿ ಭಾಗದ ತೂಕಕ್ಕೆ ಮೂರನೆಯವರ ಕಣ್ಣು ಬೇಡವೇ?

ಇನ್ನು ಬಿಸಿಲಿನ ಮಾತು. ಲಿಥಿಯಂ ಸೆಲ್ಲನ್ನು 45 ಡಿಗ್ರಿಗಿಂತ ಬಿಸಿಯಿರುವಾಗ ಚಾರ್ಜ್ ಮಾಡಬಾರದೆಂದು ತಯಾರಕರೇ ಬರೆಯುತ್ತಾರೆ. ಲೆಡ್-ಆಸಿಡ್ ಬ್ಯಾಟರಿ 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಅರ್ಧ ಆಯುಷ್ಯ ಕಳೆದುಕೊಳ್ಳುತ್ತದೆ ಎಂಬುದು ಈ ಉದ್ಯಮದ ಹಳೆಯ ಲೆಕ್ಕ. ಮರಾಠವಾಡದ ಏಪ್ರಿಲ್–ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟುತ್ತದೆ. ಮಧ್ಯಾಹ್ನ ತಗಡಿನ ಕೆಳಗೆ ನಿಂತ, ಆಗಷ್ಟೇ ಓಡಿ ಬಂದ ಗಾಡಿಯ ಸೀಟಿನಡಿಯ ಡಬ್ಬಿ ಅದಕ್ಕಿಂತ ಬಿಸಿ. ಬಂದ ಕೂಡಲೇ ಚಾರ್ಜಿಗೆ ಹಚ್ಚದೆ ಅರ್ಧ ಮುಕ್ಕಾಲು ಗಂಟೆ ತಣಿಯಲು ಬಿಟ್ಟರೆ, ನೂರಕ್ಕೆ ನೂರು ತುಂಬಿಸಿ ದಿನಗಟ್ಟಲೆ ಬಿಸಿಲಿನಲ್ಲಿ ನಿಲ್ಲಿಸದಿದ್ದರೆ ಬ್ಯಾಟರಿ ಹೆಚ್ಚು ಬಾಳುತ್ತದೆ. ಇಷ್ಟನ್ನು ಸವಾರರು ಮಾಡಬೇಕು. ಆದರೆ ‘ಬಿಸಿಲಿಗೆ ಹೋಗಿದೆ, ನಿಮ್ಮ ಬಳಕೆಯ ತಪ್ಪು’ ಎಂದು ವಾರಂಟಿ ನಿರಾಕರಿಸುವುದನ್ನು ಒಪ್ಪಲಾಗದು. ಉದಗೀರದಲ್ಲಿ ಗಾಡಿ ಮಾರುವವರಿಗೆ ಉದಗೀರದ ಬೇಸಿಗೆ ಗೊತ್ತಿರಬೇಕು. ಬಿಸಿಲು ಈ ನೆಲದ ಹವಾಮಾನ, ಗ್ರಾಹಕನ ದುರ್ಬಳಕೆ ಅಲ್ಲ.

ಬದಲಿಸುವ ಹಂತಕ್ಕೆ ಬಂದಾಗ ಅಪಾಯ ಬೇರೆ ರೂಪ ತಾಳುತ್ತದೆ. ಕಂಪನಿಯ ಪ್ಯಾಕಿನ ಬೆಲೆ ಕೇಳಿ ದಂಗಾದವರು ‘ರೀಪ್ಯಾಕ್’ ಮಾಡಿಸುವ ಅಂಗಡಿಗೆ ಹೋಗುತ್ತಾರೆ. ಹಳೆಯ ಡಬ್ಬಿಯೊಳಗೆ ಬೇರೆ ಸೆಲ್ ಜೋಡಿಸಿ ಕೊಡುವ ಈ ಕಸುಬನ್ನು ಪೂರ್ತಿ ದೂರುವಂತಿಲ್ಲ. ಒಂದೇ ಬ್ಯಾಚಿನ ಸೆಲ್ ತಂದು, ಪ್ರತಿಯೊಂದರ ಸಾಮರ್ಥ್ಯ ಮತ್ತು ಒಳರೋಧ ಅಳೆದು ಹೊಂದಿಸಿ, ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಿ, ತಕ್ಕ ಬಿಎಂಎಸ್ ಕೂರಿಸುವ ನಿಷ್ಠಾವಂತ ಕೈಗಳೂ ಇವೆ. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲಿಗೆ ಹೊಸ ಪ್ಲಾಸ್ಟಿಕ್ ಹೊದಿಸಿ, ಬೆಸುಗೆ ಕಡ್ಡಿಯಿಂದ ಸುಟ್ಟು ಅಂಟಿಸುವವರೂ ಇದ್ದಾರೆ. ಹೊರಗಿನಿಂದ ಎರಡೂ ಒಂದೇ. 2.5 ವೋಲ್ಟಿಗಿಂತ ಬಹಳ ಕೆಳಗೆ ಇಳಿದು ತಿಂಗಳುಗಟ್ಟಲೆ ಬಿದ್ದಿದ್ದ ನಿಕಲ್ ಸೆಲ್ಲಿನೊಳಗೆ ತಾಮ್ರ ಕರಗಿರಬಹುದು. ಅದನ್ನು ‘ಎಬ್ಬಿಸಿ’ ಮತ್ತೆ ಚಾರ್ಜಿಗೆ ಹಚ್ಚಿದರೆ ಒಳಗೆ ಶಾರ್ಟ್ ಆಗಿ ಬೆಂಕಿ ಹೊತ್ತಬಹುದು.

ಇದು ಬೆದರಿಸುವ ಮಾತಲ್ಲ. 2022ರ ಮಾರ್ಚ್‌ನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ಮನೆಯಲ್ಲಿ ಚಾರ್ಜಿಗೆ ಹಚ್ಚಿದ್ದ ಸ್ಕೂಟರ್ ಹೊತ್ತಿ ತಂದೆ, ಮಗಳು ಇಬ್ಬರೂ ಉಸಿರುಗಟ್ಟಿ ಸತ್ತರು. ಮರು ತಿಂಗಳು, ಈ ಗಡಿಯಿಂದ ಹೆಚ್ಚು ದೂರವಿಲ್ಲದ ನಿಜಾಮಾಬಾದಿನಲ್ಲಿ ರಾತ್ರಿ ಮನೆಯೊಳಗೆ ಚಾರ್ಜ್ ಆಗುತ್ತಿದ್ದ ಬ್ಯಾಟರಿ ಸಿಡಿದು 80 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದಿನ ಹೋಟೆಲೊಂದರ ಕೆಳಗಿದ್ದ ಇ-ಸ್ಕೂಟರ್ ಷೋರೂಮಿನ ಬೆಂಕಿಗೆ ಎಂಟು ಜನ ಬಲಿಯಾದರು. ಈ ದುರಂತಗಳ ನಂತರವೇ ಸರ್ಕಾರ ಎಐಎಸ್-156 ಎಂಬ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಹೀಗೆ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಆ ಮಾನದಂಡ ಅನ್ವಯಿಸಿದ್ದು ಹೊಸ ಗಾಡಿಗೆ. ಅದಕ್ಕೂ ಮೊದಲು ಮಾರಿದ ಗಾಡಿಗಳೇ ಈಗ ರೀಪ್ಯಾಕಿಂಗ್ ಅಂಗಡಿಗಳ ಮುಂದೆ ನಿಂತಿವೆ. ಉಬ್ಬಿದ, ಸಿಹಿ ವಾಸನೆ ಬರುವ, ಚಾರ್ಜಿನಲ್ಲಿ ಕೈ ಸುಡುವಷ್ಟು ಕಾಯುವ ಪ್ಯಾಕನ್ನು ಮನೆಯೊಳಗೆ ಇಡಲೇಬಾರದು. ಹೊಸ್ತಿಲಿಗೆ ಅಡ್ಡವಾಗಿ, ಹೊರಹೋಗುವ ದಾರಿಯಲ್ಲಿ ಚಾರ್ಜಿಗೆ ಇಡುವ ರೂಢಿಯಂತೂ ಇಂದೇ ನಿಲ್ಲಲಿ.

ಲೆಡ್ ತೆಗೆದು ಲಿಥಿಯಂ ಹಾಕಿಸುವವರಿಗೆ ಇನ್ನೊಂದು ಎಚ್ಚರಿಕೆ. ಹಳೆಯ ಚಾರ್ಜರನ್ನು ಹೊಸ ಪ್ಯಾಕಿಗೆ ಹಚ್ಚಬಾರದು, ಎರಡರ ಕೊನೆಯ ವೋಲ್ಟೇಜ್ ಬೇರೆ. ಕಂಟ್ರೋಲರ್ ಎಳೆಯುವಷ್ಟು ಕರೆಂಟನ್ನು ಬಿಎಂಎಸ್ ತಾಳುತ್ತದೆಯೇ ಎಂದು ಕೇಳಬೇಕು. ನೋಂದಣಿಯಾದ ಗಾಡಿಯಲ್ಲಿ ತಯಾರಕರ ವಿವರಕ್ಕೆ ಹೊಂದದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ನಾಳೆ ಅಪಘಾತವಾದರೆ ವಿಮಾ ಕಂಪನಿ ಮೊದಲು ನೋಡುವುದು ಇದನ್ನೇ.

ಜನ ಯಾಕೆ ಅಗ್ಗದ ರೀಪ್ಯಾಕಿಗೆ ಹೋಗುತ್ತಾರೆ ಎಂಬುದಕ್ಕೆ ಸರ್ಕಾರದ ತೆರಿಗೆಯೂ ಒಂದು ಕಾರಣ. 2019ರ ಆಗಸ್ಟ್‌ನಿಂದ ಎಲೆಕ್ಟ್ರಿಕ್ ವಾಹನದ ಮೇಲೆ ಜಿಎಸ್‌ಟಿ ಶೇ 5. ಅದರೊಳಗೇ ಬರುವ ಬ್ಯಾಟರಿಗೂ ಅಷ್ಟೇ. ಅದೇ ಬ್ಯಾಟರಿಯನ್ನು ಮೂರು ವರ್ಷದ ಮೇಲೆ ಪ್ರತ್ಯೇಕವಾಗಿ ಕೊಂಡರೆ ಶೇ 18. 40,000 ರೂಪಾಯಿಯ ಪ್ಯಾಕಿಗೆ 2,000ದ ಬದಲು 7,200 ತೆರಿಗೆ. ಹೊಸ ಗಾಡಿ ಕೊಳ್ಳುವವನಿಗಿಂತ ಹಳೆಯದನ್ನು ಉಳಿಸಿಕೊಳ್ಳುವವನು ಹೆಚ್ಚು ದಂಡ ತೆರಬೇಕು ಎಂದಂತಾಯಿತು. 2022ರಲ್ಲಿ ನೀತಿ ಆಯೋಗ ಬ್ಯಾಟರಿ ವಿನಿಮಯ ನೀತಿಯ ಕರಡಿನಲ್ಲಿ ಈ ಅಂತರ ತಗ್ಗಿಸುವ ಸಲಹೆ ಕೊಟ್ಟಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ದರಗಳನ್ನು ದೊಡ್ಡ ಪ್ರಮಾಣದಲ್ಲಿ ಪರಿಷ್ಕರಿಸಿದಾಗಲೂ ಅಂತರ ಹಾಗೆಯೇ ಉಳಿಯಿತು. ಮಾನದಂಡಕ್ಕೆ ಒಳಪಟ್ಟ, ಕ್ರಮಸಂಖ್ಯೆಯಿರುವ, ಪಕ್ಕಾ ಬಿಲ್ಲಿನೊಂದಿಗೆ ಮಾರುವ ಬದಲಿ ಪ್ಯಾಕಿಗಾದರೂ ಶೇ 5ರ ದರ ಕೊಟ್ಟರೆ, ಬಿಲ್ಲಿಲ್ಲದ ವ್ಯಾಪಾರದ ಸೆಳೆತ ತಾನಾಗಿಯೇ ಕುಗ್ಗುತ್ತದೆ. ಜಗತ್ತಿನಲ್ಲಿ ಬ್ಯಾಟರಿ ಅಗ್ಗವಾಗುತ್ತಲೇ ಇದೆ: 2010ರಲ್ಲಿ ಒಂದು ಕಿಲೊವಾಟ್ ಅವರ್ ಪ್ಯಾಕಿಗೆ ಸಾವಿರ ಡಾಲರ್ ಮೀರಿದ್ದ ಸರಾಸರಿ ಬೆಲೆ 2024ರಲ್ಲಿ ಬ್ಲೂಮ್‌ಬರ್ಗ್‌ ಎನ್ಇಎಫ್ ಲೆಕ್ಕದಂತೆ 115 ಡಾಲರಿಗೆ ಇಳಿದಿದೆ. ಆ ಇಳಿಕೆ ನಿಲಂಗಾದ ಗಿರಾಕಿಗೂ ಮುಟ್ಟಲಿ.

ಕಾನೂನು ಬರಿಗೈಯಲ್ಲಿದೆ ಎಂದಲ್ಲ. ಗಡಿಯ ಜನರಿಗೆ ಅತಿ ಉಪಯುಕ್ತವಾದ ಒಂದು ಅಂಶ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿದೆ. ಗಾಡಿ ಎಲ್ಲಿ ಕೊಂಡರೂ ಸರಿ, ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದಾವೆ ಹೂಡಬಹುದು. ಬೀದರಿನಲ್ಲಿ ಕೊಂಡ ಗಾಡಿಗೆ ಉದಗೀರದವರು ಲಾತೂರಿನಲ್ಲಿ, ಹೈದರಾಬಾದಿನಲ್ಲಿ ಕೊಂಡದ್ದಕ್ಕೆ ಉಮರ್ಗಾದವರು ಧಾರಾಶಿವದಲ್ಲಿ ದೂರು ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ದೋಷ ಪರೀಕ್ಷೆಯಿಂದಲೇ ತಿಳಿಯುವಂಥದ್ದಾದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಎರಡು ವರ್ಷದೊಳಗೆ ದೂರು ಕೊಡಬೇಕು ಎಂಬುದನ್ನು ಮರೆಯಬಾರದು. ಅದಕ್ಕೂ ಮೊದಲು 1915 ಸಹಾಯವಾಣಿಗೆ ಕರೆ ಮಾಡಿದರೆ ದೂರು ದಾಖಲಾಗುತ್ತದೆ. ಇಷ್ಟೆಲ್ಲ ಇದ್ದರೂ ಆಯೋಗದ ಮುಂದೆ ನಿಂತಾಗ ಮೊದಲ ಪ್ರಶ್ನೆ ‘ಸಾಕ್ಷಿ ಎಲ್ಲಿದೆ’ ಎಂಬುದೇ. ಸೆಲ್ ಗುಂಪುಗಳ ವೋಲ್ಟೇಜ್, ಅಳೆದ ಸಾಮರ್ಥ್ಯ, ದಿನಾಂಕ, ಪ್ಯಾಕಿನ ಕ್ರಮಸಂಖ್ಯೆ, ಅಳೆದವರ ಸಹಿ ಇರುವ ಒಂದು ಹಾಳೆ ಆಗ ವಕೀಲರ ಹತ್ತು ಮಾತಿಗಿಂತ ಹೆಚ್ಚು ತೂಗುತ್ತದೆ.

ಯುರೋಪ್ ಇದನ್ನು ಕಾನೂನಾಗಿ ಮಾಡಿದೆ. ಅಲ್ಲಿನ 2023ರ ಬ್ಯಾಟರಿ ನಿಯಮದಂತೆ 2024ರ ಆಗಸ್ಟ್ 18ರಿಂದ ಇ-ಬೈಕುಗಳಂಥ ಹಗುರ ವಾಹನಗಳ ಬ್ಯಾಟರಿಯ ಆರೋಗ್ಯದ ಮಾಹಿತಿ ಬಿಎಂಎಸ್‌ನಲ್ಲಿ ಇರಲೇಬೇಕು ಮತ್ತು ಕೊಂಡವನಿಗೆ ಅದನ್ನು ಓದುವ ಹಕ್ಕಿರಬೇಕು. 2027ರ ಫೆಬ್ರುವರಿ 18ರಿಂದ ಆ ಬ್ಯಾಟರಿಯನ್ನೂ ಅದರೊಳಗಿನ ಸೆಲ್ಲುಗಳನ್ನೂ ಕಂಪನಿಗೆ ಸೇರದ ಸ್ವತಂತ್ರ ಮೆಕ್ಯಾನಿಕ್ ಬಿಚ್ಚಿ ಬದಲಿಸುವಂತೆ ವಿನ್ಯಾಸ ಮಾಡಬೇಕು. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರಿಪೇರಿ ಹಕ್ಕಿ’ಗಾಗಿ ಸಮಿತಿ ರಚಿಸಿ, ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದು, ವರ್ಷದ ಕೊನೆಗೆ ಪೋರ್ಟಲ್ ಒಂದನ್ನು ತೆರೆಯಿತು. ಪೋರ್ಟಲಿನಿಂದ ಮುಂದಕ್ಕೆ ಹೋಗಬೇಕು. ಬಿಎಂಎಸ್ ಅಂಕಿಗಳನ್ನು ಮೊಬೈಲಿನಲ್ಲಿ, ಕಂಪನಿಯ ಅಪ್ಪಣೆಯಿಲ್ಲದೆ, ಓದಿಕೊಳ್ಳುವ ಸೌಲಭ್ಯವಿರದ ಸ್ಕೂಟರಿಗೆ ಸರ್ಕಾರದ ಸಹಾಯಧನ ಕೊಡುವುದಿಲ್ಲ ಎಂಬ ಒಂದೇ ಷರತ್ತು ಸಾಕು. ತೆರಿಗೆದಾರರ ದುಡ್ಡು ಪಡೆದ ಕಂಪನಿ ತೆರಿಗೆದಾರನಿಗೆ ಅವನದೇ ಬ್ಯಾಟರಿಯ ಅಂಕಿ ಮುಚ್ಚಿಡುವುದು ಯಾವ ನ್ಯಾಯ?

ಹಕ್ಕು ಬಂದರೂ ಅದನ್ನು ನಡೆಸುವ ಕೈ ಬೇಕು. ಐಟಿಐಗಳಲ್ಲಿ ‘ಮೆಕ್ಯಾನಿಕ್ ಎಲೆಕ್ಟ್ರಿಕ್ ವೆಹಿಕಲ್’ ಎಂಬ ಎರಡು ವರ್ಷದ ಕೋರ್ಸ್‌ ಈಗ ಪಠ್ಯಕ್ರಮದಲ್ಲಿದೆ. ಗಡಿ ತಾಲ್ಲೂಕುಗಳ ಐಟಿಐಗಳಲ್ಲಿ ಅದನ್ನು ಆರಂಭಿಸಿ, ಲೋಡ್ ಟೆಸ್ಟರ್, ಸೆಲ್ ಬ್ಯಾಲೆನ್ಸರ್, ಸಾಮರ್ಥ್ಯ ಅಳೆಯುವ ಯಂತ್ರ ಇಟ್ಟು, ಸಣ್ಣ ಶುಲ್ಕಕ್ಕೆ ಸಾರ್ವಜನಿಕರ ಬ್ಯಾಟರಿ ಪರೀಕ್ಷಿಸಿ ಪ್ರಮಾಣಪತ್ರ ಕೊಡುವಂತೆ ಮಾಡಬಹುದು. ಹುಡುಗರಿಗೆ ಕೈಕಸುಬು, ಗ್ರಾಹಕನಿಗೆ ಸಾಕ್ಷಿ ಎರಡೂ ಒಂದೇ ಮೇಜಿನ ಮೇಲೆ ಸಿಗುತ್ತವೆ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಇಲಾಖೆ ಬೇಡ. ಈಗಾಗಲೇ ಪೇಟೆಯಲ್ಲಿ ಬ್ಯಾಟರಿ ಕೆಲಸ ಮಾಡುತ್ತಿರುವ ಮಿಸ್ತ್ರಿಗಳಿಗೂ ವಾರದ ಕೊನೆಯ ತರಬೇತಿ ಅಲ್ಲೇ ಆಗಲಿ, ಮರಾಠಿಯಲ್ಲೂ ಕನ್ನಡದಲ್ಲೂ.

ಉಳಿದದ್ದು ಹಳೆಯ ಪ್ಯಾಕಿನ ಪ್ರಶ್ನೆ. ಸತ್ತ ಲೆಡ್ ಬ್ಯಾಟರಿಗೆ ಸೀಸದ ಬೆಲೆ ಇದೆ, ಅದನ್ನು ಕೊಟ್ಟರೆ ಹೊಸದರ ಬಿಲ್ಲಿನಲ್ಲಿ ವಜಾ ಸಿಗುತ್ತದೆ, ಹೀಗಾಗಿ ಅದು ತಾನಾಗಿ ಅಂಗಡಿಗೆ ಮರಳುತ್ತದೆ. ಲಿಥಿಯಂ ಪ್ಯಾಕಿಗೆ ಆ ಸೆಳೆತ ಇಲ್ಲ. ಎಲ್ಎಫ್‌ಪಿ ಸೆಲ್ಲಿನಲ್ಲಂತೂ ಕೋಬಾಲ್ಟೂ ಇಲ್ಲ, ನಿಕಲ್ಲೂ ಇಲ್ಲ, ಗುಜರಿಯವನಿಗೆ ಅದು ಬರೀ ತಗಡಿನ ಡಬ್ಬಿ. 2022ರ ಆಗಸ್ಟ್‌ನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲೆಕ್ಟ್ರಿಕ್ ವಾಹನದ ಬ್ಯಾಟರಿಯನ್ನೂ ಒಳಗೊಂಡು, ಅದನ್ನು ವಾಪಸ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. 2026-27ರಿಂದ ಒಳಗಿನ ವಸ್ತುಗಳ ಶೇ 90ರಷ್ಟನ್ನು ಮರಳಿ ಪಡೆಯಬೇಕೆಂಬ ಗುರಿಯೂ ಇದೆ. ಆ ಗುರಿ ತಲುಪಬೇಕಾದರೆ ಸಂಗ್ರಹ ಮೊದಲು ತಾಲ್ಲೂಕಿನಲ್ಲಿ ಆಗಬೇಕು. ಹೊಸ ಪ್ಯಾಕ್ ಮಾರುವ ಅಂಗಡಿಯೇ ಹಳೆಯದರ ಕ್ರಮಸಂಖ್ಯೆ ಬರೆದುಕೊಂಡು, ನಿಗದಿಯಾದ ಮೊತ್ತವನ್ನು ಬಿಲ್ಲಿನಲ್ಲಿ ಕಳೆದು, ರಸೀದಿ ಕೊಟ್ಟು ವಾಪಸ್ ಪಡೆಯಲಿ. ಆ ಮೊತ್ತವನ್ನು ತಯಾರಕರು ಭರಿಸಲಿ. ಅಂಥ ಅಂಗಡಿಗಳ ಪಟ್ಟಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಊರುವಾರು ಪ್ರಕಟಿಸಿ, ನಗರ ಪರಿಷತ್ತುಗಳ ಫಲಕದ ಮೇಲೆ ಹಚ್ಚಿಸಲಿ.